ಬಣ್ಣ ತಪ್ಪಿದ್ದು ಎಲ್ಲಿ? ಕಲರ್ ಪ್ರೊಫೈಲ್ ದೋಷ ಹಿಡಿಯುವ ಬಗೆ

ಗಂಟೆಗಟ್ಟಲೆ ಕೂತು ಒಂದು ಫೋಟೋ ಎಡಿಟ್ ಮಾಡಿದ್ದೀರಿ. ಎಲೆಯ ಹಸಿರು, ಬಟ್ಟೆಯ ಕೆಂಪು, ಮುಖದ ಮೈಬಣ್ಣ ಎಲ್ಲವೂ ಅಂದುಕೊಂಡ ಹಾಗೇ ಬಂದಿದೆ. ಜೆಪೆಗ್ ಮಾಡಿ ಫೋನಿಗೆ ಕಳಿಸಿ ನೋಡಿದರೆ ಎಲ್ಲ ಬಾಡಿದ ಹಾಗಿದೆ. ಇನ್ನು ಕೆಲವು ಸಲ ಫೋಟೋ ತೆರೆಯುವ ಮುಂಚೆಯೇ ಒಂದು ಎಚ್ಚರಿಕೆ ಎದುರಿಗೆ ಬಂದು ನಿಲ್ಲುತ್ತದೆ. ಪ್ರೊಫೈಲ್ ಇಲ್ಲ ಅನ್ನುತ್ತದೆ, ಪ್ರೊಫೈಲ್ ಹೊಂದುತ್ತಿಲ್ಲ ಅನ್ನುತ್ತದೆ, ಮಾನಿಟರ್ ಪ್ರೊಫೈಲ್ ಕೆಟ್ಟಿದೆ ಅನ್ನುತ್ತದೆ. ಓದಲು ಪುರುಸೊತ್ತಿಲ್ಲದೆ ನಾವು ಓಕೆ ಒತ್ತಿ ಮುಂದೆ ಹೋಗುತ್ತೇವೆ.

ನಾನೂ ಎಷ್ಟೋ ದಿನ ಹಾಗೇ ಮಾಡಿದ್ದೇನೆ. ಬಣ್ಣ ಸಪ್ಪೆ ಕಂಡರೆ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸುತ್ತಿದ್ದೆ. ಒಂದು ಪರದೆಯಲ್ಲಿ ಸರಿ ಕಂಡಿದ್ದು ಇನ್ನೊಂದರಲ್ಲಿ ಕಣ್ಣಿಗೆ ರಾಚುತ್ತಿತ್ತು. ಮತ್ತೆ ಇಳಿಸುತ್ತಿದ್ದೆ. ಹೀಗೆ ಎಡಿಟಿಂಗ್‌ನಲ್ಲಿ ಪ್ರೊಫೈಲ್ ದೋಷ ಸರಿಮಾಡಲು ಹೋದರೆ ಆ ಕೆಲಸಕ್ಕೆ ಕೊನೆಯೇ ಇಲ್ಲ. ಸ್ಲೈಡರ್ ಮುಟ್ಟುವ ಮುಂಚೆ ತಪ್ಪು ಯಾವ ಜಾಗದಲ್ಲಿ ಆಗಿದೆ ಅಂತ ಹುಡುಕಬೇಕು. ಹುಡುಕುವುದು ಅಷ್ಟೇನೂ ಕಷ್ಟವಲ್ಲ, ಒಂದು ವಿಷಯ ತಿಳಿದಿದ್ದರೆ.

ಅಂಕಿಗೆ ತನ್ನದೇ ಬಣ್ಣವಿಲ್ಲ

ಫೋಟೋ ಫೈಲಿನ ಒಳಗೆ ಇರುವುದೆಲ್ಲ ಅಂಕಿಗಳು. ಪ್ರತಿ ಪಿಕ್ಸೆಲ್‌ಗೆ ಮೂರು ಅಂಕಿ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. 8 ಬಿಟ್ ಫೈಲಿನಲ್ಲಿ ಇವು 0ಯಿಂದ 255ರ ತನಕ ಇರುತ್ತವೆ. '255, 0, 0' ಅಂದರೆ ಪೂರ್ತಿ ಕೆಂಪು. ಆದರೆ ಯಾವ ಕೆಂಪು? ನನ್ನ ಮಾನಿಟರಿನ ಪೂರ್ತಿ ಕೆಂಪು ಬೇರೆ, ನಿಮ್ಮ ಫೋನಿನ ಪೂರ್ತಿ ಕೆಂಪು ಬೇರೆ.

ಯಾರಾದರೂ 'ಆ ಊರು ಇಲ್ಲಿಂದ 40' ಅಂದರೆ ನಾವು ಕೂಡಲೇ ಕೇಳುತ್ತೇವೆ: 40 ಏನು, ಮೈಲಿಯೋ ಕಿಲೋಮೀಟರೋ? ಅಳತೆಯ ಹೆಸರು ಹೇಳದೆ ದೂರ ಗೊತ್ತಾಗುವುದಿಲ್ಲ. ಫೋಟೋದಲ್ಲಿ ಆ ಅಳತೆಯ ಹೆಸರಿನ ಕೆಲಸ ಮಾಡುವುದೇ ಕಲರ್ ಪ್ರೊಫೈಲ್. 'ಈ ಅಂಕಿಗಳನ್ನು ಇಂಥ ಅಳತೆಯಲ್ಲಿ ಓದಿ' ಅಂತ ಫೈಲಿನ ಜೊತೆ ಅಂಟಿಸಿಟ್ಟ ಚೀಟಿ ಅದು. ಚೀಟಿ ಕಳೆದುಹೋದರೆ, ತಪ್ಪು ಚೀಟಿ ಅಂಟಿಕೊಂಡರೆ, ಅಥವಾ ಓದುವವನು ಚೀಟಿಯನ್ನು ನೋಡದೆಯೇ ಹೋದರೆ ಬಣ್ಣ ತಪ್ಪುತ್ತದೆ. ಮುಂದೆ ಹೇಳುವ ಎಲ್ಲ ದೋಷಗಳ ಬೇರು ಈ ಮೂರರಲ್ಲಿ ಒಂದು.

ಈ ಚೀಟಿಗಳಿಗೆ ಒಂದೇ ನಮೂನೆ ಇರಲಿ ಅಂತ 1993ರಲ್ಲಿ ಅಡೋಬಿ, ಆಪಲ್, ಕೊಡ್ಯಾಕ್, ಮೈಕ್ರೋಸಾಫ್ಟ್ ಸೇರಿ ಎಂಟು ಕಂಪನಿಗಳು ಕೂಡಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ ಕಟ್ಟಿದವು. ಐಸಿಸಿ ಪ್ರೊಫೈಲ್ ಅನ್ನುವ ಹೆಸರು ಬಂದದ್ದು ಅಲ್ಲಿಂದ. ನಮಗೆ ಹೆಚ್ಚಾಗಿ ಎದುರಾಗುವ ಅಳತೆಗಳು ನಾಲ್ಕೇ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಎಸ್‌ಆರ್‌ಜಿಬಿ ಆ ಕಾಲದ ಸಾಮಾನ್ಯ ಮಾನಿಟರುಗಳನ್ನು ನೋಡಿ ಮಾಡಿದ್ದು. ಇವತ್ತಿಗೂ ವೆಬ್‌ನ ಸಾಮಾನ್ಯ ಭಾಷೆ ಅದೇ. 1998ರ ಅಡೋಬಿ ಆರ್‌ಜಿಬಿಯಲ್ಲಿ ಹಸಿರು ಮತ್ತು ಹಸಿರು ಮಿಶ್ರಿತ ನೀಲಿಗೆ ಜಾಸ್ತಿ ಜಾಗವಿದೆ, ಮುದ್ರಣದವರಿಗೆ ಅದು ಬೇಕಿತ್ತು. ಕೊಡ್ಯಾಕ್ ರೂಪಿಸಿದ ಪ್ರೋಫೋಟೋ ಆರ್‌ಜಿಬಿ ಎಷ್ಟು ದೊಡ್ಡದೆಂದರೆ, ಅದರ ಅಂಚಿನಲ್ಲಿ ಮನುಷ್ಯನ ಕಣ್ಣಿಗೆ ಕಾಣದ, ಲೆಕ್ಕದಲ್ಲಿ ಮಾತ್ರ ಇರುವ ಬಣ್ಣಗಳೂ ಸೇರಿವೆ. ಆಪಲ್‌ನ ಡಿಸ್‌ಪ್ಲೇ ಪಿ3 ಈಗಿನ ಎಷ್ಟೋ ಫೋನ್ ಮತ್ತು ಲ್ಯಾಪ್‌ಟಾಪ್ ಪರದೆಗಳಲ್ಲಿದೆ. ಐಫೋನ್ ಕ್ಯಾಮೆರಾ ಫೋಟೋಗಳ ಜೊತೆ ಬರುವುದೂ ಹೆಚ್ಚಾಗಿ ಅದೇ.

ಅಸೈನ್ ಬೇರೆ, ಕನ್ವರ್ಟ್ ಬೇರೆ

ನನ್ನ ಪ್ರಕಾರ ಅತಿ ಹೆಚ್ಚು ಫೋಟೋಗಳು ಹಾಳಾಗುವುದು ಈ ಎರಡು ಮೆನುಗಳ ಗೊಂದಲದಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಫೋಟೋಶಾಪ್‌ನಲ್ಲಿ ಎಡಿಟ್ ಮೆನುವಿನ ಕೆಳಗೆ 'ಅಸೈನ್ ಪ್ರೊಫೈಲ್' ಮತ್ತು 'ಕನ್ವರ್ಟ್ ಟು ಪ್ರೊಫೈಲ್' ಅಂತ ಎರಡಿವೆ. ಉಚಿತವಾಗಿ ಸಿಗುವ ಎಡಿಟಿಂಗ್ ಪ್ರೋಗ್ರಾಂ ಗಿಂಪ್‌ನಲ್ಲಿ ಇಮೇಜ್ ಮೆನುವಿನ ಕಲರ್ ಮ್ಯಾನೇಜ್‌ಮೆಂಟ್ ಒಳಗೆ ಇವೇ ಎರಡು ಸಿಗುತ್ತವೆ. ಎರಡೂ ಪ್ರೊಫೈಲ್ ಬದಲಿಸುತ್ತವೆ. ಆದರೆ ಅವು ಮಾಡುವ ಕೆಲಸ ತದ್ವಿರುದ್ಧ.

ಮತ್ತೆ ಆ 40 ಮೈಲಿಗೇ ಬರೋಣ. ಅಸೈನ್ ಅಂದರೆ ಅಂಕಿಯನ್ನು ಹಾಗೇ ಬಿಟ್ಟು 'ಮೈಲಿ' ಅನ್ನುವುದನ್ನು ಅಳಿಸಿ 'ಕಿಲೋಮೀಟರ್' ಅಂತ ಬರೆಯುವುದು. ಅಂಕಿ 40 ಆಗಿಯೇ ಉಳಿಯಿತು, ಆದರೆ ಊರು ಹತ್ತಿರ ಬಂದುಬಿಟ್ಟಿತು. ಕನ್ವರ್ಟ್ ಅಂದರೆ ಲೆಕ್ಕ ಹಾಕಿ '64 ಕಿಲೋಮೀಟರ್' ಅಂತ ಬರೆಯುವುದು. ಅಂಕಿ ಬದಲಾಯಿತು, ಊರು ಇದ್ದಲ್ಲೇ ಇದೆ.

ಬಣ್ಣದಲ್ಲಿ ನೋಡಿ. ಎಸ್‌ಆರ್‌ಜಿಬಿ ಫೈಲಿನಲ್ಲಿ '255, 0, 0' ಇರುವ ಕೆಂಪನ್ನು ಅಡೋಬಿ ಆರ್‌ಜಿಬಿಗೆ ಕನ್ವರ್ಟ್ ಮಾಡಿದರೆ ಅದು '219, 0, 0' ಆಗುತ್ತದೆ. '0, 255, 0' ಇದ್ದ ಹಸಿರು '144, 255, 60' ಆಗುತ್ತದೆ. ಅಂಕಿಗಳು ಇಷ್ಟು ಬದಲಾದರೂ ಪರದೆಯ ಮೇಲೆ ಕೆಂಪು ಅದೇ ಕೆಂಪು, ಹಸಿರು ಅದೇ ಹಸಿರು. ಈಗ ಈ ಫೈಲಿನ ಚೀಟಿ ಕಿತ್ತುಹೋಯಿತು ಅಂದುಕೊಳ್ಳಿ. ನೋಡುವ ಪ್ರೋಗ್ರಾಂ ಅದನ್ನು ಎಸ್‌ಆರ್‌ಜಿಬಿ ಅಂದುಕೊಂಡು ಓದುತ್ತದೆ. 255 ಇರಬೇಕಾದ ಕಡೆ 219 ಸಿಕ್ಕಿತು. ಕೆಂಪು ಮಂಕಾಯಿತು. ಹಸಿರಿಗೆ ಬೇಡದ ಕೆಂಪು, ನೀಲಿ ಸೇರಿ ತೊಳೆದ ಹಾಗಾಯಿತು. ಫೋನಿನಲ್ಲಿ ಬಾಡಿದ ಹಾಗೆ ಕಂಡ ಫೋಟೋದ ಕತೆ ಇಷ್ಟೇ.

ಹಾಗಾದರೆ ಯಾವುದನ್ನು ಯಾವಾಗ ಬಳಸಬೇಕು? ಫೋಟೋ ಈಗ ಸರಿಯಾಗಿ ಕಾಣುತ್ತಿದೆ, ಅದನ್ನು ಇನ್ನೊಂದು ಅಳತೆಗೆ ಒಯ್ಯಬೇಕು ಅಂದರೆ ಕನ್ವರ್ಟ್. ಚೀಟಿ ಇಲ್ಲ, ಅಥವಾ ಅಂಟಿರುವ ಚೀಟಿ ತಪ್ಪು ಅಂತ ಗೊತ್ತಾಗಿದೆ, ಹಾಗಾಗಿ ಫೋಟೋ ತಪ್ಪಾಗಿ ಕಾಣುತ್ತಿದೆ ಅಂದರೆ ಅಸೈನ್. ಅಸೈನ್ ಒತ್ತಿದಾಗ ಪರದೆಯ ಮೇಲೆ ಬಣ್ಣ ಬದಲಾಗುವುದು ಸಹಜ. ಕನ್ವರ್ಟ್ ಒತ್ತಿದಾಗ ಕಣ್ಣಿಗೆ ಕಾಣುವಷ್ಟು ದೊಡ್ಡ ಬದಲಾವಣೆ ಆದರೆ ಒಂದು ಸಲ ನಿಂತು ನೋಡಬೇಕು. ದೊಡ್ಡ ಅಳತೆಯಿಂದ ಚಿಕ್ಕದಕ್ಕೆ ಹೋಗುವಾಗ ತುಂಬಾ ಗಾಢವಾದ ಬಣ್ಣಗಳು ಸ್ವಲ್ಪ ಇಳಿಯುವುದು ಇದ್ದದ್ದೇ. ಇಡೀ ಫೋಟೋ ಬದಲಾದರೆ ಮಾತ್ರ ಮೂಲದ ಚೀಟಿಯ ಮೇಲೆ ಅನುಮಾನ ಪಡಿ.

ಆ ಎಚ್ಚರಿಕೆಗಳು ಏನು ಕೇಳುತ್ತಿವೆ

ಫೋಟೋಶಾಪ್‌ನ ಕಲರ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಫೈಲ್ ಹೊಂದದಿದ್ದಾಗ, ಇಲ್ಲದಿದ್ದಾಗ, ಪೇಸ್ಟ್ ಮಾಡುವಾಗ 'ನನ್ನನ್ನು ಕೇಳು' ಅಂತ ಟಿಕ್ ಹಾಕುವ ಜಾಗಗಳಿವೆ. ಅವನ್ನು ಕಿರಿಕಿರಿ ಅಂತ ತೆಗೆಯಬೇಡಿ. ದೋಷ ಆದ ಕ್ಷಣದಲ್ಲೇ ನಮಗೆ ತಿಳಿಯುವುದು ಅವುಗಳಿಂದ.

'ಎಂಬೆಡೆಡ್ ಪ್ರೊಫೈಲ್ ಮಿಸ್‌ಮ್ಯಾಚ್' ಅನ್ನುವುದನ್ನು ಕಂಡು ಹೆದರಬೇಕಿಲ್ಲ. ಫೈಲಿನ ಚೀಟಿಯಲ್ಲಿ ಒಂದು ಅಳತೆ ಇದೆ, ನೀವು ಕೆಲಸಕ್ಕೆ ಆರಿಸಿಕೊಂಡದ್ದು ಇನ್ನೊಂದು, ಏನು ಮಾಡಲಿ ಅಂತ ಕೇಳುತ್ತಿದೆ ಅಷ್ಟೇ. ಹೆಚ್ಚಿನ ಸಲ ಸರಿಯಾದ ಉತ್ತರ, ಫೈಲಿನಲ್ಲಿರುವ ಪ್ರೊಫೈಲನ್ನೇ ಬಳಸು ಅನ್ನುವುದು. ಮೂರನೆಯ ಆಯ್ಕೆಯಾದ 'ಡಿಸ್ಕಾರ್ಡ್', ಅಂದರೆ ಚೀಟಿ ಕಿತ್ತು ಬಿಸಾಡು ಅನ್ನುವುದು, ಫೋಟೋದವರಿಗೆ ಬೇಕಾಗುವುದೇ ಇಲ್ಲ ಅನ್ನಬಹುದು. ಗಿಂಪ್ ಇದನ್ನೇ ಕೀಪ್ ಮತ್ತು ಕನ್ವರ್ಟ್ ಅನ್ನುವ ಎರಡು ಬಟನ್‌ಗಳಲ್ಲಿ ಕೇಳುತ್ತದೆ.

ಒಂದು ಫೋಟೋದಿಂದ ಕತ್ತರಿಸಿ ಇನ್ನೊಂದಕ್ಕೆ ಅಂಟಿಸುವಾಗಲೂ ಈ ಪ್ರಶ್ನೆ ಬರುತ್ತದೆ. ನೋಟ ಉಳಿಸಲೋ, ಅಂಕಿ ಉಳಿಸಲೋ? ನೋಟ ಉಳಿಸು ಅನ್ನಿ. ಇಲ್ಲದಿದ್ದರೆ ಅಂಟಿಸಿದ ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ ಆಗುತ್ತದೆ.

'ಮಿಸ್ಸಿಂಗ್ ಪ್ರೊಫೈಲ್' ಮಾತ್ರ ನಿಜವಾದ ಸಮಸ್ಯೆ. ಚೀಟಿಯೇ ಇಲ್ಲ. ಇಲ್ಲಿ ಊಹೆ ಮಾಡಲೇಬೇಕು. ಮೊದಲು ಎಸ್‌ಆರ್‌ಜಿಬಿ ಅಸೈನ್ ಮಾಡಿ ನೋಡಿ, ವೆಬ್‌ನಿಂದ ಬಂದ ಫೋಟೋಗಳಲ್ಲಿ ಬಹುಪಾಲು ಅದೇ ಸರಿ. ಮಂಕಾಗಿ ಕಂಡರೆ ಅಡೋಬಿ ಆರ್‌ಜಿಬಿ ಹಾಕಿ ನೋಡಿ. ಪ್ರಿವ್ಯೂ ಟಿಕ್ ಇಟ್ಟು ಒಂದೊಂದೇ ಹಾಕುತ್ತಾ ಹೋದರೆ ಮೈಬಣ್ಣ ಮೈಬಣ್ಣದಂತೆ, ಎಲೆ ಎಲೆಯಂತೆ ಕಾಣುವ ಒಂದು ಸಿಗುತ್ತದೆ.

ಕ್ಯಾಮೆರಾದಿಂದ ಬಂದ ಜೆಪೆಗ್ ಆದರೆ ಒಂದು ಸುಳಿವು ಇದೆ. ಎಷ್ಟೋ ಕ್ಯಾಮೆರಾಗಳು ಅಡೋಬಿ ಆರ್‌ಜಿಬಿಯಲ್ಲಿ ತೆಗೆದ ಫೋಟೋದ ಹೆಸರನ್ನು ಅಂಡರ್‌ಸ್ಕೋರ್‌ನಿಂದ ಶುರುಮಾಡುತ್ತವೆ. ಹೆಸರಿನ ಮೊದಲಲ್ಲಿ ಆ ಗೆರೆ ಕಂಡರೆ ಊಹೆ ಬೇಕಿಲ್ಲ. ರಾ ಫೈಲಿಗೆ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲಿಗೆ, ಇದು ಅನ್ವಯಿಸುವುದಿಲ್ಲ. ಕ್ಯಾಮೆರಾದಲ್ಲಿ ಎಸ್‌ಆರ್‌ಜಿಬಿ ಇಟ್ಟರೂ ಅಡೋಬಿ ಇಟ್ಟರೂ ರಾ ಫೈಲಿನ ಒಳಗಿನ ದತ್ತ ಅದೇ. ಯಾವ ಅಳತೆಗೆ ಹೋಗಬೇಕು ಅನ್ನುವುದನ್ನು ನೀವು ರಾ ಫೈಲನ್ನು ತೆರೆಯುವ ಪ್ರೋಗ್ರಾಂನಲ್ಲಿ ಆರಿಸುತ್ತೀರಿ.

ಎಚ್ಚರಿಕೆಗೆ ಕಾಯದೆಯೂ ತಿಳಿದುಕೊಳ್ಳಬಹುದು. ಫೋಟೋಶಾಪ್‌ನಲ್ಲಿ ಫೈಲಿನ ಹೆಸರಿನ ಪಕ್ಕ, 'ಆರ್‌ಜಿಬಿ/8' ಅಂತ ಇರುವ ಕಡೆ ನೋಡಿ. ಅದರ ಮುಂದೆ ಹ್ಯಾಶ್ ಗುರುತು ಇದ್ದರೆ ಚೀಟಿ ಇಲ್ಲ. ನಕ್ಷತ್ರದ ಗುರುತು ಇದ್ದರೆ ಚೀಟಿ ಇದೆ, ಆದರೆ ಅದು ನಿಮ್ಮ ಕೆಲಸದ ಅಳತೆಗಿಂತ ಬೇರೆ. ಚಿಕ್ಕ ಗುರುತು, ಆದರೆ ನನಗೆ ತುಂಬಾ ಸಮಯ ಉಳಿಸಿದೆ.

ಮೊದಲು ಬೂದು ಬಣ್ಣ ನೋಡಿ

ಎಚ್ಚರಿಕೆ ಏನೂ ಬಂದಿಲ್ಲ, ಆದರೂ ಬಣ್ಣ ತಪ್ಪಿದೆ ಅಂದರೆ ಎಲ್ಲಿಂದ ಹುಡುಕುವುದು? ಫೋಟೋದಲ್ಲಿ ಬೂದು ಇರುವ ಜಾಗ ಹುಡುಕಿ. ಸಿಮೆಂಟ್ ಗೋಡೆ, ಮೋಡ, ಬಿಳಿ ಬಟ್ಟೆಯ ನೆರಳು ಯಾವುದಾದರೂ ಆದೀತು. ಇನ್ನೂ ಒಳ್ಳೆಯದು, ಕಪ್ಪಿನಿಂದ ಬಿಳಿಗೆ ನಿಧಾನವಾಗಿ ಹೋಗುವ ಒಂದು ಪಟ್ಟಿಯನ್ನು ನೀವೇ ಮಾಡಿ ಇಟ್ಟುಕೊಳ್ಳುವುದು. ಬೂದು ಯಾಕೆ? ಮೂರೂ ಅಂಕಿ ಸಮ ಇದ್ದರೆ ಈ ಎಲ್ಲ ಅಳತೆಗಳಲ್ಲೂ ಅದು ಬೂದೇ. ಚೀಟಿ ಕಳೆದುಹೋದರೂ ಬೂದಿಗೆ ಬಣ್ಣ ಹತ್ತುವುದಿಲ್ಲ.

ಅಂದರೆ ಬೂದು ಹಳದಿಗೋ ಹಸಿರಿಗೋ ಗುಲಾಬಿಗೋ ತಿರುಗಿದ್ದರೆ, ಫೈಲಿನ ಚೀಟಿಯ ಮೇಲೆ ಅನುಮಾನ ಬೇಡ. ತಪ್ಪು ಹೆಚ್ಚಾಗಿ ಮಾನಿಟರಿನ ಕಡೆ ಇದೆ.

ಬೂದು ಸರಿಯಾಗಿದೆ, ಅದರ ಬೆಳಕೂ ಸರಿ ಇದೆ, ಬಣ್ಣಗಳು ಮಾತ್ರ ಸಪ್ಪೆ ಅಂದರೆ ಹೆಚ್ಚಾಗಿ ಅಡೋಬಿ ಆರ್‌ಜಿಬಿ ಫೈಲನ್ನು ಯಾರೋ ಎಸ್‌ಆರ್‌ಜಿಬಿ ಅಂದುಕೊಂಡು ಓದಿದ್ದಾರೆ. ಇವೆರಡರ ಗಾಮಾ, ಅಂದರೆ ಅಂಕಿ ಏರಿದಂತೆ ಬೆಳಕು ಹೇಗೆ ಏರುತ್ತದೆ ಅನ್ನುವ ಲೆಕ್ಕ, ಹೆಚ್ಚುಕಡಿಮೆ ಒಂದೇ, ಸುಮಾರು 2.2. ಹಾಗಾಗಿ ನೆರಳು ಬೆಳಕಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ತಿರುಗಾಮುರುಗಾ ಆದರೆ, ಅಂದರೆ ಎಸ್‌ಆರ್‌ಜಿಬಿ ಫೈಲನ್ನು ಅಡೋಬಿ ಅಂತ ಓದಿದರೆ, ಮುಖಗಳು ಕೆಂಪೇರಿ ಹಸಿರು ಕಣ್ಣು ಕುಕ್ಕುತ್ತದೆ.

ಬಣ್ಣ ತೀರಾ ಸತ್ತ ಹಾಗಿದೆ, ಜೊತೆಗೆ ಇಡೀ ಫೋಟೋ ಕತ್ತಲಾಗಿದೆ ಅಂದರೆ ಅದು ಪ್ರೋಫೋಟೋ. ಅದರ ಗಾಮಾ 1.8. ನಡುಮಟ್ಟದ ಬೂದು ಎಸ್‌ಆರ್‌ಜಿಬಿಯಲ್ಲಿ ಸುಮಾರು 118 ಆದರೆ ಪ್ರೋಫೋಟೋದಲ್ಲಿ ಸುಮಾರು 98. ಆ 98ನ್ನು ಎಸ್‌ಆರ್‌ಜಿಬಿ ಅಂತ ಓದಿದರೆ ಕತ್ತಲು ಕಾಣದೆ ಇನ್ನೇನು ಕಂಡೀತು?

ಮಾನಿಟರ್ ಪ್ರೊಫೈಲ್ ಕೆಟ್ಟಾಗ

ಫೈಲಿಗೆ ಒಂದು ಚೀಟಿ ಇರುವ ಹಾಗೆ ಮಾನಿಟರಿಗೂ ಒಂದಿದೆ. 'ಈ ಪರದೆ ಬಣ್ಣಗಳನ್ನು ಹೀಗೆ ತೋರಿಸುತ್ತದೆ' ಅಂತ ಅದು ಹೇಳುತ್ತದೆ. ಫೋಟೋಶಾಪ್‌ನಂಥ ಪ್ರೋಗ್ರಾಂ ಫೈಲಿನ ಚೀಟಿ ಮತ್ತು ಪರದೆಯ ಚೀಟಿ ಎರಡನ್ನೂ ಓದಿ ನಡುವೆ ಲೆಕ್ಕ ಹಾಕುತ್ತದೆ. ಪರದೆಯ ಚೀಟಿಯೇ ಸುಳ್ಳಾದರೆ ಲೆಕ್ಕವೆಲ್ಲ ತಪ್ಪು.

ಫೋಟೋಶಾಪ್ ಶುರುವಾಗುವಾಗ 'ಮಾನಿಟರ್ ಪ್ರೊಫೈಲ್ ದೋಷಪೂರಿತವಾಗಿರುವಂತಿದೆ' ಅನ್ನುವ ಸಂದೇಶ ಬರುವುದು ಇದಕ್ಕೇ. ವಿಂಡೋಸ್ ಅಪ್‌ಡೇಟ್ ಜೊತೆ ಮಾನಿಟರ್ ತಯಾರಕರ ಪ್ರೊಫೈಲ್ ತಾನಾಗಿ ಬಂದು ಕೂತಿರಬಹುದು, ಅದು ಸರಿ ಇಲ್ಲದಿರಬಹುದು. ಬಿಳಿ ಹಿನ್ನೆಲೆ ಒಂದು ಪ್ರೋಗ್ರಾಂನಲ್ಲಿ ಬಿಳಿ, ಇನ್ನೊಂದರಲ್ಲಿ ಹಳದಿ ಕಂಡರೆ ಇದೇ ಕಾರಣ ಅಂತ ಹೆಚ್ಚುಕಡಿಮೆ ಖಚಿತ. ಒಂದು ಪ್ರೋಗ್ರಾಂ ಆ ಪ್ರೊಫೈಲ್ ಓದುತ್ತಿದೆ, ಇನ್ನೊಂದು ಓದುತ್ತಿಲ್ಲ.

ಸರಿಮಾಡುವುದು ಹೀಗೆ. ವಿಂಡೋಸ್‌ನ ಹುಡುಕುವ ಜಾಗದಲ್ಲಿ ಕಲರ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿವೈಸಸ್ ಟ್ಯಾಬ್‌ನಲ್ಲಿ ನಿಮ್ಮ ಮಾನಿಟರ್ ಆರಿಸಿ, ಈ ಸಾಧನಕ್ಕೆ ನನ್ನ ಸೆಟ್ಟಿಂಗ್ ಬಳಸು ಅನ್ನುವುದಕ್ಕೆ ಟಿಕ್ ಹಾಕಿ. ಆಡ್ ಒತ್ತಿ ಎಸ್‌ಆರ್‌ಜಿಬಿ ಪ್ರೊಫೈಲ್ ಸೇರಿಸಿ, ಅದನ್ನು ಡೀಫಾಲ್ಟ್ ಮಾಡಿ. ಎಡಿಟಿಂಗ್ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಿರಿ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ಒಳಗೆ ಕಲರ್ ಪ್ರೊಫೈಲ್ ಬದಲಿಸುವ ಪಟ್ಟಿ ಸಿಗುತ್ತದೆ. ಬಣ್ಣ ಸರಿಹೋದರೆ ಕಳ್ಳ ಸಿಕ್ಕಿದ ಹಾಗೆ.

ಆದರೆ ಇದು ತಾತ್ಕಾಲಿಕ ಪಟ್ಟಿ, ಗಾಯ ಮಾಗಿಸುವ ಮದ್ದು ಬೇರೆ. ನಿಮ್ಮ ಪರದೆ ನಿಜವಾಗಿ ಎಸ್‌ಆರ್‌ಜಿಬಿ ಅಲ್ಲದಿರಬಹುದು, ಅದರಲ್ಲೂ ಹೆಚ್ಚು ಬಣ್ಣ ತೋರಿಸುವ ವೈಡ್ ಗ್ಯಾಮಟ್ ಪರದೆಯಾದರೆ ಅದಕ್ಕೆ ಎಸ್‌ಆರ್‌ಜಿಬಿ ಚೀಟಿ ಅಂಟಿಸುವುದೂ ಒಂದು ಸುಳ್ಳೇ. ಗಂಭೀರವಾಗಿ ಫೋಟೋ ಕೆಲಸ ಮಾಡುವವರು ಪರದೆಯ ಮೇಲೆ ಇಟ್ಟು ಅಳೆಯುವ ಕ್ಯಾಲಿಬ್ರೇಟರ್ ಬಳಸಿ ತಮ್ಮ ಪರದೆಯದೇ ಪ್ರೊಫೈಲ್ ಮಾಡಿಕೊಳ್ಳಬೇಕು. ಪರದೆ ಹಳತಾದಂತೆ ಬಣ್ಣ ಬದಲಾಗುತ್ತದೆ, ಹಾಗಾಗಿ ಆಗಾಗ ಮತ್ತೆ ಅಳೆಯಬೇಕು.

ಇಷ್ಟೆಲ್ಲ ಮಾಡುವ ಮುಂಚೆ ನೈಟ್ ಲೈಟ್ ಆನ್ ಆಗಿದೆಯಾ ಅಂತ ಒಂದು ಸಲ ನೋಡಿಬಿಡಿ. ಸಂಜೆಯಾದ ಕೂಡಲೇ ಪರದೆ ಹಳದಿಯಾಗುವುದಕ್ಕೂ ಪ್ರೊಫೈಲಿಗೂ ಸಂಬಂಧವಿಲ್ಲ.

ಇನ್ನೊಂದು ತಪ್ಪು ನೋಡಿದ್ದೇನೆ. ಫೋಟೋಶಾಪ್‌ನ ಕೆಲಸದ ಅಳತೆಯನ್ನೇ ಮಾನಿಟರ್ ಪ್ರೊಫೈಲ್‌ಗೆ ಇಟ್ಟುಬಿಡುವುದು. ಆಗ ಎಲ್ಲ ಪ್ರೋಗ್ರಾಂಗಳಲ್ಲೂ ಬಣ್ಣ ಒಂದೇ ಥರ ಕಾಣುತ್ತದೆ, ಸಮಸ್ಯೆ ಮುಗಿಯಿತು ಅನ್ನಿಸುತ್ತದೆ. ಆದರೆ ಈಗ ಅಂಕಿಗಳ ಅರ್ಥ ನಿಮ್ಮ ಒಂದು ಪರದೆಗೆ ಕಟ್ಟುಬಿದ್ದಿದೆ. ಬೇರೆ ಪರದೆಗೆ ಹೋದ ಕೂಡಲೇ ಬಣ್ಣ ಬೇರೆ. ಮಾನಿಟರ್ ಪ್ರೊಫೈಲ್ ಇರಬೇಕಾದ್ದು ಆಪರೇಟಿಂಗ್ ಸಿಸ್ಟಮ್‌ನಲ್ಲಿ, ಫೋಟೋದ ಒಳಗೆ ಅಲ್ಲ.

ಹೊರಗೆ ಕಳಿಸುವಾಗ

ವೆಬ್‌ಗೆ, ಫೋನಿಗೆ, ಇನ್ನೊಬ್ಬರಿಗೆ ಕಳಿಸುವ ಪ್ರತಿಗೆ ಎರಡು ಕೆಲಸ ಆಗಲೇಬೇಕು: ಎಸ್‌ಆರ್‌ಜಿಬಿಗೆ ಕನ್ವರ್ಟ್ ಆಗಬೇಕು, ಪ್ರೊಫೈಲ್ ಜೊತೆಗೇ ಹೋಗಬೇಕು. ಫೋಟೋಶಾಪ್‌ನ 'ಎಕ್ಸ್‌ಪೋರ್ಟ್ ಆ್ಯಸ್'ನಲ್ಲಿ ಇವೆರಡಕ್ಕೂ ಬೇರೆ ಬೇರೆ ಟಿಕ್ ಇದೆ. ಎರಡೂ ಹಾಕಿ. ಪ್ರೊಫೈಲ್ ಸೇರಿಸಿದರೆ ಸಾಲದೇ ಅಂತ ಕೇಳಬಹುದು. ಕೆಲವು ಸೇವೆಗಳು ಫೋಟೋವನ್ನು ಚಿಕ್ಕದು ಮಾಡುವಾಗ ಚೀಟಿಯನ್ನೂ ಕಿತ್ತುಹಾಕುತ್ತವೆ. ಅಂಕಿಗಳು ಎಸ್‌ಆರ್‌ಜಿಬಿಯಲ್ಲೇ ಇದ್ದರೆ ಚೀಟಿ ಹೋದರೂ ಹೆಚ್ಚು ಕಡೆ ಬಚಾವ್.

ಕನ್ವರ್ಟ್ ಮಾಡುವುದು ಕಳಿಸುವ ಪ್ರತಿಯನ್ನು ಮಾತ್ರ. ಮೂಲ ಫೈಲನ್ನು ದೊಡ್ಡ ಅಳತೆಯಲ್ಲೇ ಉಳಿಸಿಕೊಳ್ಳಿ. ಚಿಕ್ಕದಕ್ಕೆ ಇಳಿಸುವಾಗ ಬಿಟ್ಟುಹೋದ ಬಣ್ಣ ಮತ್ತೆ ದೊಡ್ಡದಕ್ಕೆ ಏರಿಸಿದರೆ ವಾಪಸ್ ಬರುವುದಿಲ್ಲ.

ಪ್ರೋಫೋಟೋದಲ್ಲಿ ಕೆಲಸ ಮಾಡುವುದಾದರೆ 16 ಬಿಟ್‌ನಲ್ಲೇ ಮಾಡಿ. 8 ಬಿಟ್‌ನ 256 ಮೆಟ್ಟಿಲುಗಳನ್ನು ಅಷ್ಟು ದೊಡ್ಡ ಜಾಗಕ್ಕೆ ಹಂಚಿದರೆ ಮೆಟ್ಟಿಲುಗಳ ನಡುವೆ ಅಂತರ ಜಾಸ್ತಿಯಾಗುತ್ತದೆ. ನೀಲಿ ಆಕಾಶದಲ್ಲಿ ಪಟ್ಟೆಪಟ್ಟೆ ಕಾಣುವುದು ಆಗಲೇ.

ಕನ್ವರ್ಟ್ ಮಾಡುವಾಗ ಬರುವ ಪರ್ಸೆಪ್ಚುಯಲ್, ರಿಲೇಟಿವ್ ಕಲರಿಮೆಟ್ರಿಕ್ ಅನ್ನುವ ಆಯ್ಕೆಗಳ (ಹೊಸ ಅಳತೆಯಲ್ಲಿ ಹಿಡಿಸದ ಬಣ್ಣಗಳನ್ನು ಹೇಗೆ ಹೊಂದಿಸಬೇಕು ಅಂತ ಇವು ಹೇಳುತ್ತವೆ) ಬಗ್ಗೆ ತಲೆ ಕೆಡಿಸಿಕೊಳ್ಳುವವರು ತುಂಬಾ ಜನ. ಎಸ್‌ಆರ್‌ಜಿಬಿ, ಅಡೋಬಿ ಆರ್‌ಜಿಬಿಯಂಥ ಸಾಮಾನ್ಯ ಪ್ರೊಫೈಲ್‌ಗಳ ನಡುವೆ ಯಾವುದನ್ನು ಆರಿಸಿದರೂ ಫಲಿತಾಂಶ ಒಂದೇ. ಪ್ರಿಂಟರ್ ಪ್ರೊಫೈಲ್‌ಗೆ ಹೋಗುವಾಗ ಮಾತ್ರ ಅದು ಮುಖ್ಯ.

ಪಿಎನ್‌ಜಿ ಫೈಲ್ ತೆರೆದಾಗ ಕೆಲವು ಪ್ರೋಗ್ರಾಂಗಳು ಎಸ್‌ಆರ್‌ಜಿಬಿ ಪ್ರೊಫೈಲ್ ಸರಿ ಇಲ್ಲ ಅಂತ ಸಣ್ಣ ಎಚ್ಚರಿಕೆ ಕೊಡುತ್ತವೆ. ಹಿಂದೆ ಹಂಚಿಕೆಯಾಗಿದ್ದ ಒಂದು ಹಳೇ ಪ್ರೊಫೈಲ್ ಆ ಫೈಲಿನಲ್ಲಿ ಉಳಿದಿದೆ ಅಂತ ಅರ್ಥ. ಫೋಟೋ ಸರಿಯಾಗೇ ಕಾಣುತ್ತದೆ. ಬೇಡ ಅನ್ನಿಸಿದರೆ ಫೈಲನ್ನು ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ.

ಮುದ್ರಣಕ್ಕೆ ಅಂತ ಸಿಎಂವೈಕೆಗೆ (ನಾಲ್ಕು ಶಾಯಿಗಳ ಅಳತೆಗೆ) ಬದಲಿಸಿದ ಜೆಪೆಗ್ ಅನ್ನು ವೆಬ್‌ಗೆ ಹಾಕಬೇಡಿ. ಕೆಲವು ಪ್ರೋಗ್ರಾಂಗಳಲ್ಲಿ ಅದರ ಬಣ್ಣಗಳು ಪೂರ್ತಿ ತಲೆಕೆಳಗಾಗಿ, ನೆಗೆಟಿವ್ ಥರ ಕಾಣುವುದೂ ಇದೆ.

ಮನೆಯ ಪ್ರಿಂಟರಿನಲ್ಲಿ ಬರುವ ದೋಷ ಇನ್ನೊಂದು ಬಗೆಯದು. ಪರದೆಯಲ್ಲಿ ಸರಿ ಇದ್ದದ್ದು ಕಾಗದದ ಮೇಲೆ ಮೆಜೆಂಟಾಗೆ ತಿರುಗಿದ್ದರೆ, ಒಂದೇ ಲೆಕ್ಕವನ್ನು ಇಬ್ಬರು ಹಾಕಿರಬಹುದು. ಫೋಟೋಶಾಪ್ ಒಮ್ಮೆ ಪ್ರಿಂಟರ್ ಅಳತೆಗೆ ಬದಲಿಸಿತು. ಆಗಲೇ ಬದಲಾದ ಅಂಕಿಗಳನ್ನು ಪ್ರಿಂಟರ್ ಡ್ರೈವರ್ (ಪ್ರಿಂಟರನ್ನು ನಡೆಸುವ ಪ್ರೋಗ್ರಾಂ) ಇನ್ನೊಮ್ಮೆ ಬದಲಿಸಿತು. ಪ್ರಿಂಟ್ ಕಿಟಕಿಯಲ್ಲಿ 'ಫೋಟೋಶಾಪ್ ಮ್ಯಾನೇಜಸ್ ಕಲರ್ಸ್' ಆರಿಸಿದ್ದರೆ ಡ್ರೈವರ್‌ನ ಒಳಗೆ ಹೋಗಿ ಬಣ್ಣದ ಹೊಂದಾಣಿಕೆಯನ್ನು ಆಫ್ ಮಾಡಿ. ಪ್ರಿಂಟರೇ ನೋಡಿಕೊಳ್ಳಲಿ ಅಂತ ಆರಿಸಿದ್ದರೆ ಡ್ರೈವರ್‌ನಲ್ಲಿ ಅದನ್ನು ಆನ್ ಇಡಿ. ಆಮೇಲೆ ಅದೇ ಬೂದು ಪಟ್ಟಿಯನ್ನು ಒಂದು ಚಿಕ್ಕ ಕಾಗದದ ಮೇಲೆ ಪ್ರಿಂಟ್ ಮಾಡಿ ಹಗಲು ಬೆಳಕಿನಲ್ಲಿ ನೋಡಿ. ಪಟ್ಟಿ ಬೂದಾಗಿಯೇ ಬಂದರೆ ಫೋಟೋ ಕಳಿಸಬಹುದು.